ಮುಚ್ಚಳದ ಮೇಲಿನ ಕೆಂಡ

ನನ್ನ ಅಡುಗೆಮನೆಯ ಕಟ್ಟೆಯ ಕೆಳಗೆ, ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ, ಮೂರು ಕಾಲಿನ ಒಂದು ಬೀಡಿನ ಗಡಿಗೆ ಕುಳಿತಿದೆ. ಎತ್ತಲು ಹೋದವರು ಮೊದಲು ನಗುತ್ತಾರೆ, ಆಮೇಲೆ ಸೊಂಟ ಹಿಡಿದುಕೊಳ್ಳುತ್ತಾರೆ. ಎರಕದ ಕಬ್ಬಿಣ ಅಂದರೆ ಸುಮ್ಮನೆ ಅಲ್ಲ. ಅದರ ಮುಚ್ಚಳ ಚಪ್ಪಟೆಯಾಗಿದ್ದು, ಸುತ್ತಲೂ ಅಂಚು ಎದ್ದು ನಿಂತಿದೆ. ಮೇಲೆ ಕೆಂಡ ಸುರಿದರೆ ಒಂದೂ ಕೆಳಗೆ ಉರುಳುವುದಿಲ್ಲ. ಕಳೆದ ದೀಪಾವಳಿಗೆ ಹುಕ್ಕೇರಿಯಿಂದ ಬಂದ ನಮ್ಮ ಅಳಿಯ ಇದನ್ನು ಕಂಡು ಕಣ್ಣರಳಿಸಿ, ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದರು. ಯಾವುದೋ ದೇಶದ ಕಾಡಿನಲ್ಲಿ ಡೇರೆ ಹಾಕಿಕೊಂಡಿದ್ದ ಜನ ಇಂಥದೇ ಗಡಿಗೆಯಲ್ಲಿ ಬ್ರೆಡ್ಡು ಬೇಯಿಸುತ್ತಿದ್ದರು. ಮೇಲೆ ಇಷ್ಟು ಕೆಂಡ, ಕೆಳಗೆ ಇಷ್ಟು ಕೆಂಡ ಎಂದು ಎಣಿಸಿ ಎಣಿಸಿ ಇಡುತ್ತಿದ್ದರು.

“ನೋಡ್ರಿ ಅತ್ತಿ, ಇದಕ್ಕೂ ಒಂದ ಲೆಕ್ಕ ಐತಿ,” ಎಂದರು ಅಳಿಯ.

“ಗಾಳಿ ಬಿಟ್ಟರ ಆ ಲೆಕ್ಕ ಎಲ್ಲಿ ಉಳಿತೈತ್ರಿ?” ಎಂದೆ.

ಅವರು ನಕ್ಕರು. ನಾನು ನಗಲಿಲ್ಲ. ಕೆಂಡದ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇದೆ, ಇರಲಿ. ಒಂದೇ ಮನೆಯಲ್ಲಿ ಬೆಂಕಿಯನ್ನು ಎರಡು ಬಗೆಯಾಗಿ ಬಲ್ಲ ಇಬ್ಬರು ಹೆಂಗಸರ ನಡುವೆ ಬೆಳೆದವಳು ನಾನು. ಒಬ್ಬಳು ಆಯಿ, ಅಂದರೆ ಅಪ್ಪನ ತಾಯಿ. ಇನ್ನೊಬ್ಬಳು ನನ್ನ ಅವ್ವ, ಗೌರವ್ವ. ಆ ಇಬ್ಬರೂ ಒಂದೇ ಬೆಂಕಿಗೆ ಸರಿಸಮನಾಗಿ ಕೈ ಹಚ್ಚಿದ್ದನ್ನು ನೋಡಲು ನಾನು ಕೆಲವು ವರ್ಷ ಕಾಯಬೇಕಾಯಿತು.

ನಮ್ಮ ಮನೆ ಮಮದಾಪುರದಲ್ಲಿತ್ತು. ತಲೆಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಮೆಟ್ಟಿಲೇರಿದರೆ ಪಡಸಾಲೆ, ಅದರಾಚೆ ದೇವರ ಜಗಲಿ, ಅದರಾಚೆ ಹಗಲಲ್ಲೂ ದೀಪ ಬೇಡುವ ಅಡುಗೆಮನೆ. ಅಡುಗೆಮನೆ ಆಯಿಯದು. ಅಲ್ಲಿ ಹೆಜ್ಜೆ ಇಡಬೇಕೆಂದರೆ ಅಪ್ಪನೂ ಕಾಲು ತೊಳೆಯಬೇಕಿತ್ತು. ಆಯಿ ನಸುಕಿನಲ್ಲಿ ಮಿಂದು, ಲಿಂಗಪೂಜೆ ಮುಗಿಸಿ, ಹಣೆಗೆ ಹಚ್ಚಿದ ವಿಭೂತಿಯನ್ನೇ ಮೂರು ಬೆರಳಲ್ಲಿ ಒಲೆಯ ಹಣೆಗೂ ಎಳೆದು ಆಮೇಲೆ ಬೆಂಕಿ ಮುಟ್ಟುತ್ತಿದ್ದಳು. ‘ಹೊತ್ತಿಸುತ್ತಿದ್ದಳು’ ಅನ್ನಲಾರೆ, ಏಕೆಂದರೆ ನಮ್ಮ ಒಲೆ ಆರುತ್ತಲೇ ಇರಲಿಲ್ಲ. ಊಟವಾದ ಮೇಲೆ ಉಳಿದ ಕೆಂಡವನ್ನು ಒಟ್ಟುಗೂಡಿಸಿ, ಮೇಲೆ ಬೂದಿ ಎಳೆದು, ಕೈಯಿಂದ ಮೆತ್ತಗೆ ತಟ್ಟಿ ಮಲಗುತ್ತಿದ್ದಳು. ಬೆಳಗ್ಗೆ ಬೂದಿ ಸರಿಸಿದರೆ ಒಳಗೆ ಕೆಂಡ ಹಾಗೆಯೇ ಇರುತ್ತಿತ್ತು. ಓಣಿಯ ಹೆಂಗಸರು ಕೈಯಲ್ಲಿ ಒಂದು ಸಗಣಿ ಕುಳ್ಳು ಹಿಡಿದು ಬೆಂಕಿ ಕೇಳಲು ನಮ್ಮ ಮನೆಗೇ ಬರುತ್ತಿದ್ದರು. ಕಡ್ಡಿಪೆಟ್ಟಿಗೆಗೆ ಬರವಿತ್ತೆಂದಲ್ಲ, ನಮ್ಮ ಒಲೆಯ ಬೆಂಕಿ ಒಯ್ದರೆ ಒಳ್ಳೆಯದು ಎಂಬ ನಂಬಿಕೆಯಿತ್ತು. ಆಯಿ ಅದನ್ನು ಕೊಡುವಾಗ ಮುಖದಲ್ಲಿ ಒಂದು ಗತ್ತು ಬರುತ್ತಿತ್ತು. ನನ್ನ ಜಂಬಕ್ಕೆ ಮೂಲ ಅದೇ ಇರಬೇಕು.

ಅವ್ವನ ತವರು ದಡ್ಡಿ ಎಂಬ ಊರು. ಅವಳಪ್ಪ, ಅಂದರೆ ನನ್ನ ಅಜ್ಜ, ಅಲ್ಲೇ ಹತ್ತಿರ ಅಣೆಕಟ್ಟಿನ ಕೆಲಸ ನಡೆದಾಗ ಎಂಜಿನಿಯರ್ ಸಾಹೇಬರ ಕ್ಯಾಂಪಿನಲ್ಲಿ ಬೆಂಕಿ ನೋಡಿಕೊಳ್ಳುವ ಆಳಾಗಿದ್ದ. ಅಡುಗೆ ಮಾಡುವವನು ಗೋವೆಯ ಕಡೆಯವನು. ಅಜ್ಜನ ಪಾಲಿಗೆ ಕಟ್ಟಿಗೆ, ಇದ್ದಲಿ, ಕೆಂಡ. ಗಡಿಗೆಯೊಳಗೆ ಏನಿದೆ ಎಂಬುದಕ್ಕೆ ಅಜ್ಜ ತಲೆ ಹಾಕುತ್ತಿರಲಿಲ್ಲ. ಮೇಲೆಷ್ಟು ಶಾಖ, ಕೆಳಗೆಷ್ಟು ಶಾಖ ಎಂಬುದನ್ನು ಮಾತ್ರ ಅವನಿಗಿಂತ ಚೆನ್ನಾಗಿ ಆ ಕ್ಯಾಂಪಿನಲ್ಲಿ ಯಾರೂ ಬಲ್ಲವರಿರಲಿಲ್ಲವಂತೆ. ಕೆಲಸ ಮುಗಿದು ಡೇರೆ ಕಿತ್ತಾಗ ಸಾಹೇಬರು ಈ ಗಡಿಗೆಯನ್ನು ಅವನಿಗೇ ಬಿಟ್ಟುಹೋದರು. ಅಜ್ಜ ಅದನ್ನು ಮನೆಗೆ ತಂದು, ಮಗಳಿಗೆ ಬೆಲ್ಲದ ರೊಟ್ಟಿ ಬೇಯಿಸಲು ಕಲಿಸಿದ. ಅವ್ವನ ಮದುವೆಯಾದ ಮುಂದಿನ ಬೇಸಿಗೆಯಲ್ಲಿ ಅವನು ತೀರಿಕೊಂಡ. ಮಣ್ಣು ಮುಗಿಸಿ ಮಮದಾಪುರಕ್ಕೆ ಮರಳುವಾಗ ಅವ್ವ ತವರಿನಿಂದ ಬೇರೇನೂ ಕೇಳದೆ ಈ ಗಡಿಗೆಯನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಂದಳು.

ಮುಂದಿನದು ನಾನು ಹುಟ್ಟುವ ಮೊದಲಿನ ಸಂಗತಿ. ಆದರೂ ಅಪ್ಪನ ತಂಗಿ ಶಾಂತಾ ಅತ್ತೆ ಅದನ್ನು ನಟಿಸಿ ನಟಿಸಿ ಹೇಳಿದ್ದರಿಂದ ಕಣ್ಣಾರೆ ಕಂಡಷ್ಟೇ ನೆನಪಿದೆ. ಗಡಿಗೆ ಹೊಸ್ತಿಲಿಗೆ ಬಂದಾಗ ಆಯಿ ಅಡ್ಡ ನಿಂತಳು.

“ಇದರಾಗ ಏನ ಬೇಯಿಸ್ತಿದ್ರು?”

“ಸಾಹೇಬರ ಅಡಗಿ ಮಾಡ್ತಿದ್ರ್ರಿ.”

“ಸಾಹೇಬ್ರು ಏನ ತಿಂತಿದ್ರು?”

ಅವ್ವನಿಗೆ ಸುಳ್ಳು ಬರುತ್ತಿರಲಿಲ್ಲ.

“ಎಲ್ಲಾನೂ ತಿಂತಿದ್ರ್ರಿ.”

ಆಯಿ ಜಗಳ ತೆಗೆಯಲಿಲ್ಲ. ಸೊಸೆ ಅಪ್ಪನನ್ನು ಕಳೆದುಕೊಂಡು ಬಂದಿದ್ದಾಳೆ, ಶುದ್ಧ ಮಾಡಿ ಒಳಗಿಟ್ಟರಾಯಿತು ಎಂದುಕೊಂಡಳು. ಗಡಿಗೆಯನ್ನು ಕುಳ್ಳಿನ ಬೆಂಕಿಯಲ್ಲಿ ಹಾಕಿ ಸುಟ್ಟಳು. ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ ಹಾಕಿ, ತೆಂಗಿನ ನಾರಿನಿಂದ ತಾನೇ ಕೂತು ತಿಕ್ಕಿದಳು. ವರ್ಷಗಟ್ಟಲೆ ಎಣ್ಣೆ ಕುಡಿದು ಬೀಡಿನ ಮೇಲೆ ಕಟ್ಟಿದ್ದ ಕಪ್ಪು ಪೂರ್ತಿ ಎದ್ದು ಹೋಗಿ, ಗಡಿಗೆ ಬೂದು ಬಣ್ಣಕ್ಕೆ ತಿರುಗಿ ಹೊಳೆಯಿತು. ತೊಳೆದು, ಹಿತ್ತಲಿನ ಕಲ್ಲಿನ ಮೇಲೆ ಬೋರಲು ಹಾಕಿ ಮಲಗಿದಳು. ಬೆಳಗ್ಗೆ ಎದ್ದು ನೋಡಿದರೆ ಗಡಿಗೆಯ ಮೈತುಂಬ ಕೆಂಪು, ಕಲ್ಲಿನ ಮೇಲೂ ಕೆಂಪು ನೀರು. ಕಬ್ಬಿಣದ ಹಂಚಿನಲ್ಲಿ ದಿನಾ ರೊಟ್ಟಿ ಸುಡುವ ಹೆಂಗಸಿಗೆ ತುಕ್ಕು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಹಂಚನ್ನು ಯಾರೂ ಹುಣಸೆಹಣ್ಣು ಹಚ್ಚಿ ತಿಕ್ಕುವುದಿಲ್ಲ. ಒಂದೇ ಇರುಳಿನಲ್ಲಿ ಹಾಗೆ ಕೆಂಪೇರಿದ್ದನ್ನು ಅವಳು ಕಂಡಿರಲಿಲ್ಲ. ಮನಸ್ಸಿನಲ್ಲಿ ಮಾಂಸದ ಅಂಜಿಕೆ ಬೇರೆ ಕೂತಿತ್ತು.

“ನೋಡ್ರೋ, ಹೆಂಗ ರಕ್ತಾ ಬಿಡಾಕತ್ತೈತಿ! ಇದರ ಹೊಟ್ಟ್ಯಾಗ ಎಷ್ಟ ಜೀವಾ ಹೋಗ್ಯಾವೋ ಏನೋ!”

“ಅದು ತುಕ್ಕರಿ ಅತ್ತಿ. ಮೈಮ್ಯಾಲಿನ ಎಣ್ಣಿ ಹೋಗೇತಿ, ಅದಕ್ಕ ಹಂಗಾಗೇತಿ.”

“ತುಕ್ಕರ ಇರಲಿ, ಏನರ ಇರಲಿ. ಹಿತ್ತಲದಾಗ ಇರಲಿ ಅದು. ಅದರಾಗ ಮಾಡಿದ್ದು ಹೊಸ್ತಿಲಾ ದಾಟಬಾರದು.”

ಹೀಗೆ ಗಡಿಗೆ ಹಿತ್ತಲಿನಲ್ಲಿ, ದನಗಳ ಮುಸುರೆ ಬಾನಿಯ ಪಕ್ಕದಲ್ಲಿ ನೆಲೆಯಾಯಿತು. ಅವ್ವ ಎದುರಾಡಲಿಲ್ಲ, ಬಿಟ್ಟೂ ಕೊಡಲಿಲ್ಲ. ತುಕ್ಕನ್ನು ಒರೆಸಿ, ಕುಸುಬಿ ಎಣ್ಣೆ ಸವರಿ, ಸಣ್ಣ ಕೆಂಡದ ಮೇಲೆ ಕಾಯಿಸಿ, ಮತ್ತೆ ಸವರಿ, ಮತ್ತೆ ಕಾಯಿಸಿ, ಕಳೆದುಹೋದ ಕಪ್ಪನ್ನು ತಿರುಗಿ ತಂದಳು. ನಾನು ಕಣ್ಣು ಬಿಟ್ಟು ನೋಡುವ ಹೊತ್ತಿಗೆ ಅದು ಮುಖ ಕಾಣುವಷ್ಟು ಮಿರಿಮಿರಿ ಮಿಂಚುತ್ತಿತ್ತು. ಅವ್ವ ಮನಸ್ಸು ಬಿಚ್ಚಿ ಮಾತಾಡುವವಳಲ್ಲ. ಒಂದೇ ಒಂದು ಸಲ, ಎಣ್ಣೆ ಹಚ್ಚುತ್ತ, ನನಗೆ ಹೇಳಿದ್ದಳು.

“ಇದು ಹೊಲಸ ಅಂದರ ನಮ್ಮಪ್ಪನ ಕೈ ಹೊಲಸ ಅಂದಂಗ ಆತು, ಕಸ್ತೂರಿ. ಒಂದ ದಿನಾ ಇದರಾಗ ಮಾಡಿದ್ದು ಪಡಸಾಲ್ಯಾಗ ತಾಟಿನಾಗ ಬಡಿಸಬೇಕು. ಅಷ್ಟ ಸಾಕು ನನಗ.”

ಅಷ್ಟೇ ಅವಳ ಆಸೆ. ಒಳಗಿನ ಒಲೆಯಲ್ಲಿ ಆಯಿ ಹೇಳಿದಂತೆ ರೊಟ್ಟಿ ಬಡಿಯುತ್ತಿದ್ದಳು, ಆಯಿ ಹೇಳಿದಷ್ಟೇ ಉಪ್ಪು ಹಾಕುತ್ತಿದ್ದಳು. ತನ್ನದು ಅನ್ನುವ ಅಡುಗೆ ಮಾತ್ರ ಹಿತ್ತಲಿನಲ್ಲಿತ್ತು. ಅದನ್ನು ತಿನ್ನುವವರು ನಾನು, ಶಾಂತಾ ಅತ್ತೆ, ಮತ್ತು ಬಚ್ಚಲಿಗೆ ಬಂದವನಂತೆ ಬಂದು ಒಂದು ತುಂಡು ಬಾಯಿಗೆ ಹಾಕಿಕೊಂಡು ಹೋಗುವ ಅಪ್ಪ. ಏಲಕ್ಕಿಯ ಘಮ ಅಡುಗೆಮನೆಗೂ ಹೋಗುತ್ತಿತ್ತು. ಆಯಿ ಮೂಗು ಮುಚ್ಚಿಕೊಂಡದ್ದನ್ನಂತೂ ನಾನು ಕಾಣೆ.

ನಾವು ಕೆಂಡದ ರೊಟ್ಟಿ ಎಂದೂ ಅನ್ನುತ್ತಿದ್ದ ಆ ಬೆಲ್ಲದ ರೊಟ್ಟಿಗೆ ಜವೆಗೋಧಿ ಹಿಟ್ಟು, ಗಾಣದ ಬೆಲ್ಲ, ಹುಳಿ ಮೊಸರು, ತುಪ್ಪ, ಏಲಕ್ಕಿ, ಚಿಟಿಕೆ ಸೋಡಾ, ಮೇಲೆ ಗಸಗಸೆ. ಇದನ್ನು ಯಾರು ಬೇಕಾದರೂ ಕಲಸಬಹುದು, ಹುಷಾರಿಯೆಲ್ಲ ಕೆಂಡದಲ್ಲಿ. ಅವ್ವನಿಗೆ ಜಾಲಿಯ ಇದ್ದಲಿಯೇ ಆಗಬೇಕು. ಹತ್ತಿ ಕಟ್ಟಿಗೆಯ ಕೆಂಡ ಭರ್ರನೆ ಉರಿದು ಸುಮ್ಮನಾಗುತ್ತದೆ, ನಂಬಬಾರದು ಎನ್ನುತ್ತಿದ್ದಳು. ಇದ್ದಲಿ ಪೂರ್ತಿ ಹೊತ್ತಿ, ಜ್ವಾಲೆ ಅಡಗಿ, ಮೈಮೇಲೆ ತೆಳ್ಳಗೆ ಬಿಳುಪು ಬಂದ ಮೇಲೆಯೇ ಇಕ್ಕಳಕ್ಕೆ ಕೈ ಹಾಕುವುದು. ಖಾಲಿ ಗಡಿಗೆ ಕಾಯಿಸಿ ಒಂದು ಚಿಟಿಕೆ ಜೋಳದ ಹಿಟ್ಟು ಉದುರಿಸುವುದು. ಬಿದ್ದ ಕೂಡಲೇ ಕರ್ರಗಾದರೆ ಶಾಖ ಹೆಚ್ಚು. ಬೆಳ್ಳಗೇ ಕೂತರೆ ಕಡಿಮೆ. ನಿಧಾನಕ್ಕೆ ಹುರಿದ ಬಣ್ಣಕ್ಕೆ ತಿರುಗಿದರೆ ಹಿಟ್ಟು ಸುರಿಯಬಹುದು. ಕೆಳಗಿನ ಕೆಂಡ ಗಡಿಗೆಯ ಅಂಚಿನ ಗುಂಟ ಬಳೆಯಂತೆ ಇರಬೇಕು, ನಡುವೆ ಒಂದೂ ಇರಕೂಡದು. ಹೆಚ್ಚಿನ ಕೆಂಡವೆಲ್ಲ ಮುಚ್ಚಳದ ಮೇಲೆ. ಆಗಾಗ ಗಡಿಗೆಯನ್ನು ಬಲಕ್ಕೆ, ಮುಚ್ಚಳವನ್ನು ಎಡಕ್ಕೆ ತುಸು ತಿರುಗಿಸುವುದು, ಒಂದೇ ಕಡೆ ಸೀಯದಿರಲೆಂದು. ಮುಚ್ಚಳದ ಮೇಲೆ ಬೂದಿ ಕಟ್ಟಿದರೆ ಊದುಗೊಳವೆಯಿಂದ ಊದಿ ಹಾರಿಸುವುದು. ಬೂದಿ ಶಾಖವನ್ನು ತಡೆಯುತ್ತದೆ ಎಂದು ಅಜ್ಜ ಕಲಿಸಿದ್ದ. ತೆಗೆದು ನೋಡುವುದಂತೂ ಇಲ್ಲವೇ ಇಲ್ಲ.

“ಮುಚ್ಚಳಾ ತಗದರ ಶಾಖ ಹೊರಗ ಹೊಕ್ಕೈತಿ. ಕಣ್ಣಲೇ ನೋಡಬ್ಯಾಡ, ಮೂಗಲೇ ನೋಡು,” ಎನ್ನುತ್ತಿದ್ದಳು.

ಮೊದಲು ಹಸಿ ಹಿಟ್ಟಿನ ವಾಸನೆ, ಆಮೇಲೆ ಮೊಸರಿನ ಹುಳಿ, ಆಮೇಲೆ ಬೆಲ್ಲ. ಬೆಲ್ಲದ ವಾಸನೆ ಗಟ್ಟಿಯಾಯಿತೆಂದರೆ ಕೆಳಗಿನ ಕೆಂಡ ಎಳೆದುಬಿಡಬೇಕು; ಉಳಿದ ಬೇಯುವಿಕೆ ಮೇಲಿನದರ ಕೆಲಸ. ಸಾಲೆಯಲ್ಲಿ ಮಗ್ಗಿ ಕಲಿಯುವ ಮೊದಲು ನಾನು ಕಲಿತದ್ದು ಇದನ್ನು.

ಶಾಂತಾ ಅತ್ತೆಯನ್ನು ಮೂಡಲಗಿಗೆ ಕೊಟ್ಟರು. ಮರುವರ್ಷ ಅವಳು ಬಸುರಿಯಾದಳು. ಶ್ರಾವಣದಲ್ಲಿ ತವರಿನ ಕುಬುಸಕ್ಕೆ, ಅಂದರೆ ಸೀಮಂತಕ್ಕೆ, ಕರೆತಂದಾಗ ನಾನು ಸಾಲೆಯಲ್ಲಿ ಮೂರನೇ ಇಯತ್ತೆ. ಹಸಿರು ಸೀರೆ, ಹೊಸ ಕುಬುಸ, ತಲೆತುಂಬ ಹೂ ಹಾಕಿ ಅತ್ತೆಯನ್ನು ಪಡಸಾಲೆಯಲ್ಲಿ ಕೂಡಿಸಿದ್ದರು. ಮೂಡಲಗಿಯ ಬೀಗರು ಬೆಳಗ್ಗೆಯೇ ಬಂದಿದ್ದರು. ಉಡಿ ತುಂಬುವ ಮೊದಲು ಬಸುರಿಯ ಬಯಕೆ ಕೇಳುವುದು ರೂಢಿ. ಕೇಳುವುದು ಮಾತಿಗಷ್ಟೇ, ಅವಳು ಹೋಳಿಗೆಯೋ ಕರ್ಚಿಕಾಯಿಯೋ ಅನ್ನುತ್ತಾಳೆ, ಅದನ್ನು ಮೊದಲೇ ಮಾಡಿಟ್ಟಿರುತ್ತಾರೆ. ಅತ್ತೆಯ ಅತ್ತೆ, ಅಂದರೆ ಮೂಡಲಗಿಯ ಬೀಗತಿ, ದೊಡ್ಡ ದನಿಯ ಹೆಂಗಸು, ಎಲ್ಲರಿಗೂ ಕೇಳುವಂತೆ ಕೇಳಿದಳು.

“ಹೇಳವಾ ಶಾಂತಾ, ಏನ ತಿನ್ನು ಬಯಕಿ ಆಗೇತಿ?”

ಅತ್ತೆ ತಲೆ ತಗ್ಗಿಸಿ, ಹಸಿರು ಬಳೆ ತಿರುಗಿಸುತ್ತ, ನೆಟ್ಟಗೆ ಹೇಳಿಬಿಟ್ಟಳು.

“ವೈನಿ ಮಾಡೋ ಕೆಂಡದ ರೊಟ್ಟಿ.”

ವೈನಿ ಅಂದರೆ ಅಣ್ಣನ ಹೆಂಡತಿ, ನನ್ನ ಅವ್ವ. ಆರತಿ ತಟ್ಟೆ ಹಿಡಿದಿದ್ದ ಅವ್ವನ ಕೈ ಅಲ್ಲೇ ನಿಂತಿತು. ಆಯಿ ಮುಖ ಕೆಂಪು ಮಾಡಿಕೊಂಡು, “ಅದನ್ನೇನ ತಿಂತಿ, ಹೋಳಗಿ ಅದಾವು,” ಎಂದಳು. ಬೀಗತಿ ಬಿಡಲಿಲ್ಲ.

“ಬಯಕಿ ಮುರಿಬಾರದ್ರಿ ಬೀಗತೇರ. ಅದೇನ ರೊಟ್ಟಿ ಐತೋ ನಾವೂ ನೋಡೂಣಂತ. ಕುಂದರತೇವಿ ನಾವು.”

ಬಸುರಿ ಮಗಳ ಬಯಕೆಗೆ ಇಲ್ಲ ಅನ್ನುವ ತಾಯಿ ನಮ್ಮ ಕಡೆ ಹುಟ್ಟಿಲ್ಲ, ಅದೂ ಬೀಗರ ಎದುರಿಗೆ. ಆಯಿ ಅವ್ವನನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಹೇಳಿದ್ದು ಬಾಗಿಲ ಸಂದಿಯಲ್ಲಿದ್ದ ನನಗೂ ಕೇಳಿತು.

“ಮಾಡು. ಆದರ ಸೀದು ಗೀದು ಬೀಗರ ಮುಂದ ನಮ್ಮ ಮಾನಾ ತಗದರ, ನಾಳೆನ ಆ ಗಡಿಗಿ ಗುಜರಿಯಾಂವಗ ಹೊಕ್ಕೈತಿ ನೋಡು.”

“ಹೂಂನ್ರಿ ಅತ್ತಿ,” ಎಂದಳು ಅವ್ವ. ಅವಳ ದನಿ ನಡುಗಲಿಲ್ಲ.

ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ. ಶ್ರಾವಣದ ಗಾಳಿ ಎಂದರೆ ನಮ್ಮ ಕಡೆ ಒಣಹಾಕಿದ ಸೀರೆಯನ್ನು ಪಕ್ಕದ ಮನೆಗೆ ಒಯ್ಯುವ ಗಾಳಿ. ಹಿತ್ತಲಿನ ಗೋಡೆಯೋ ಮೊಣಕಾಲೆತ್ತರದ್ದು. ಅವ್ವ ಹೊಸ ಸೀರೆಯ ಸೆರಗು ಸಿಕ್ಕಿಸಿ, ಇದ್ದಲಿ ಹೊತ್ತಿಸಿ, ಹಿಟ್ಟು ಉದುರಿಸಿ ನೋಡಿ, ಹದ ಬಂದ ಮೇಲೆ ಕಲಸಿದ್ದನ್ನು ಸುರಿದು ಮುಚ್ಚಳ ಹಾಕಿದಳು. ನನಗೆ ಒಂದು ಮೊರ ಕೊಟ್ಟು, ಗಾಳಿಗೆ ಅಡ್ಡ ಹಿಡಿ ಎಂದಳು. ಮೊರ ನನ್ನನ್ನೇ ಎತ್ತಿಕೊಂಡು ಹೋಗುವ ಹಾಗಿತ್ತು. ಗಾಳಿ ಬಂದ ಕಡೆಯ ಕೆಂಡಗಳು ಬಿಳುಪು ಕಳೆದುಕೊಂಡು ಕೆಂಪಗೆ, ಆಮೇಲೆ ಕಿತ್ತಳೆ ಬಣ್ಣಕ್ಕೆ ಉರಿಯತೊಡಗಿದವು. ಅವ್ವ ಗಡಿಗೆ ತಿರುಗಿಸಿದಳು. ತಿರುಗಿಸಿದ ಕಡೆಯೂ ಅದೇ ಕಥೆ. ಕೆಲವು ಕೆಂಡ ತೆಗೆದಳು. ಉಳಿದವು ಇನ್ನಷ್ಟು ಉರಿದವು. ಒಳಗೆ ಹಸಿ ಹಿಟ್ಟಿನ ವಾಸನೆ ಇನ್ನೂ ಹೋಗಿರಲಿಲ್ಲ, ಅಷ್ಟರಲ್ಲೇ ಮೇಲ್ಭಾಗದ ಬೆಲ್ಲ ಸೀಯುವ ಸಣ್ಣ ಕಹಿ ಬಂತು. ಮೇಲೆ ಸೀದು ಒಳಗೆ ಹಸಿಯಾಗಿ ಉಳಿಯುವುದು ಕೆಂಡದ ರೊಟ್ಟಿಗೆ ಬರುವ ಎಲ್ಲಕ್ಕಿಂತ ಕೆಟ್ಟ ಗತಿ. ಅವ್ವ ಇಕ್ಕಳ ಹಿಡಿದು ಹಾಗೇ ಕೂತುಬಿಟ್ಟಳು. ಕೈ ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಅವಳಿಗೆ ಏನು ಮಾಡಬೇಕೆಂದು ತೋಚದ್ದನ್ನು ನಾನು ಕಂಡದ್ದು ಅದೇ ಮೊದಲು.

ಹಿತ್ತಲ ಬಾಗಿಲಲ್ಲಿ ಆಯಿ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. ಕಣ್ಣು ಕೆಂಡದ ಮೇಲಿತ್ತು. ಜೀವಮಾನವೆಲ್ಲ ಒಲೆಯ ಮುಂದೆ ಕೂತವಳಿಗೆ ಬೆಂಕಿ ಹಾಗೆ ಹಾಳಾಗುವುದನ್ನು ನೋಡುತ್ತ ನಿಲ್ಲಲು ಆಗಲಿಲ್ಲ ಎಂದೇ ನಾನು ಇಂದಿಗೂ ತಿಳಿದಿದ್ದೇನೆ. ಬಚ್ಚಲ ಹಂಡೆಯ ಒಲೆಗೆ ಹೋಗಿ, ಬೆಚ್ಚಗಿನ ಬೂದಿಯನ್ನು ಬುಟ್ಟಿಯಲ್ಲಿ ತುಂಬಿಕೊಂಡು, ಎಂದೂ ಕಾಲಿಡದ ಆ ಮೂಲೆಗೆ ನೇರ ನಡೆದು ಬಂದಳು.

“ಸರಿ ಬಾಜೂಕ. ಬೂದಿ ಹಾಕು ಮ್ಯಾಲ.”

“ಬೂದಿ ಹಾಕಿದರ ಶಾಖ ಸಾಯ್ತೈತ್ರಿ ಅತ್ತಿ. ನಮ್ಮಪ್ಪ…”

“ನಿಮ್ಮಪ್ಪ ಡೇರೇದಾಗ ಮಾಡ್ತಿದ್ದ. ಈ ಗಾಳ್ಯಾಗ ಮಾಡ್ಯಾನ? ಸಾಯೂದಿಲ್ಲ, ಮಕ್ಕೊಂತೈತಿ. ಹಾಕು.”

ಹಾಕು ಎಂದವಳು ಕಾಯಲಿಲ್ಲ, ತಾನೇ ಹಾಕಿದಳು. ಒಲೆಯ ಕೆಂಡಕ್ಕೆ ದಿನವೂ ಹೊದಿಸುವಂತೆಯೇ ಮುಚ್ಚಳದ ಕೆಂಡಕ್ಕೂ ಬೂದಿ ಹೊದಿಸಿ, ಗಾಳಿಯ ಕಡೆ ದಪ್ಪಗೆ, ಮರೆಯ ಕಡೆ ತೆಳ್ಳಗೆ ಮಾಡಿದಳು. ಆಮೇಲೆ ಗಾಳಿಗೆ ಬೆನ್ನು ಕೊಟ್ಟು, ಇಳಕಲ್ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಗಡಿಗೆಗೆ ಮರೆಯಾಗಿ ಕೂತಳು. ಕೆಂಡದ ಉರಿ ಇಳಿಯಿತು. ಆದರೆ ಅಂಗೈ ಒಡ್ಡಿದರೆ ಶಾಖ ಇತ್ತು, ಸಮನಾಗಿ, ಸುತ್ತಲೂ. ಅವ್ವ ಮುಚ್ಚಳ ಎಡಕ್ಕೆ ತಿರುಗಿಸಿದಳು, ಗಡಿಗೆ ಬಲಕ್ಕೆ. ಆಯಿ ಗಾಳಿಯ ಕಡೆಗೆ ಬಂದ ತೆಳು ಜಾಗಕ್ಕೆ ಬೂದಿ ಸರಿಸಿದಳು. ಒಬ್ಬಳ ಕೈ ನಿಂತಲ್ಲಿ ಇನ್ನೊಬ್ಬಳದು ಶುರುವಾಗುತ್ತಿತ್ತು. ನಾನು ಮೊರ ಕೆಳಗಿಟ್ಟು ನೋಡುತ್ತ ನಿಂತೆ, ಯಾರೂ ಬೈಯಲಿಲ್ಲ. ಹುಳಿ ವಾಸನೆ ಬಂತು, ಆಮೇಲೆ ಬೆಲ್ಲದ್ದು. ಆಯಿಯೇ ಮೊದಲು ಮೂಗು ಅರಳಿಸಿ, “ಕೆಳಗಿಂದ ತಗಿ ಈಗ,” ಎಂದಳು. ಅದು ಅವಳಿಗೆ ಹೇಗೆ ಗೊತ್ತು? ಅಷ್ಟು ವರ್ಷ ಅಡುಗೆಮನೆಯಲ್ಲಿ ಕೂತು, ಹಿತ್ತಲಿನ ವಾಸನೆಯನ್ನು ಅವಳೂ ನನ್ನ ಹಾಗೆಯೇ ಕಲಿತಿದ್ದಳು.

ಮುಚ್ಚಳ ತೆಗೆದಾಗ ರೊಟ್ಟಿ ದುಂಡಗೆ ಉಬ್ಬಿ, ಒಂದು ಅಂಚು ಮಾತ್ರ ತುಸು ಹೆಚ್ಚು ಕೆಂಪಾಗಿ, ಗಸಗಸೆ ಹೊತ್ತು ಕೂತಿತ್ತು. ಅವ್ವ ಜೋಳದ ದಂಟಿನ ಸಿಬಿರು ಚುಚ್ಚಿ ತೆಗೆದಳು, ಹಿಟ್ಟು ಅಂಟಿರಲಿಲ್ಲ. ತಾಟಿಗೆ ಬೋರಲು ಹಾಕಿಕೊಂಡು, ಹೊಸ್ತಿಲ ಹತ್ತಿರ ಬಂದು ನಿಂತಳು. ದಾಟಲಿಲ್ಲ. ಆಯಿ ಹಿಂದಿನಿಂದ ಬಂದು, ಬೂದಿಗೈಯನ್ನು ಸೀರೆಗೆ ಒರೆಸಿಕೊಂಡು, “ನಡಿ, ಬೀಗರು ಕುಂತಾರ,” ಎಂದಳು.

ಪಡಸಾಲೆಯಲ್ಲಿ, ದೇವರ ಜಗಲಿಯ ಎದುರಿಗೆ, ಅವ್ವ ಕೆಂಡದ ರೊಟ್ಟಿಯನ್ನು ಕೊಯ್ದು ತಾಟು ತಾಟಿಗೆ ಬಡಿಸಿದಳು. ಅತ್ತೆ ಮೊದಲ ತುತ್ತಿಗೇ ಅತ್ತಳು, ಬಸುರಿಯರಿಗೆ ಅಳುವುದಕ್ಕೆ ಕಾರಣ ಬೇಕಿಲ್ಲ ಎಂದು ಎಲ್ಲರೂ ನಕ್ಕರು. ಬೀಗತಿ ಎರಡನೇ ಸಲ ಹಾಕಿಸಿಕೊಂಡು, ಯಾರು ಕಲಿಸಿದ್ದು ಇದನ್ನು ಎಂದು ಕೇಳಿದಳು. ಅವ್ವ ಬಾಯಿ ತೆರೆಯುವ ಮೊದಲೇ ಆಯಿ ಉತ್ತರ ಕೊಟ್ಟಳು.

“ನಮ್ಮ ಸೊಸಿ ಅಪ್ಪ ಕಲಿಸ್ಯಾನ್ರಿ. ದಡ್ಡಿಯಾಂವ. ಬೆಂಕಿ ಕೆಲಸದಾಗ ಭಾಳ ಶಾಣ್ಯಾ ಇದ್ದ.”

ಅವ್ವ ತಲೆ ಎತ್ತಿದ್ದನ್ನು ಅಂದು ನಾನು ಕಂಡೆ. ನನಗೆ ಎದ್ದು ಓಣಿಯ ಮನೆ ಮನೆಗೂ ಹೋಗಿ ಹೇಳಿ ಬರಬೇಕು ಅನ್ನಿಸಿತು. ಇವತ್ತು ಬರೆಯುವಾಗಲೂ ಅನ್ನಿಸುತ್ತಿದೆ.

ಬೀಗರು ಹೋದ ಮೇಲೆ ತಾಟಿನಲ್ಲಿ ಒಂದು ತುಂಡು ಉಳಿದಿತ್ತು, ಹೆಚ್ಚು ಕೆಂಪಾಗಿದ್ದ ಅಂಚಿನದು. ಆಯಿ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ಅದನ್ನು ಚೂರು ಚೂರು ಮುರಿದು ತಿಂದಳು. ಚೆನ್ನಾಗಿದೆ ಅನ್ನಲಿಲ್ಲ. “ಅಂಚ ಸೀದೈತಿ,” ಎಂದಳು. ಅವ್ವ ನಗುತ್ತ, ತಣ್ಣಗಾದ ಗಡಿಗೆಯನ್ನು ಎಂದಿನಂತೆ ಮುಸುರೆ ಬಾನಿಯ ಪಕ್ಕಕ್ಕೆ ಎತ್ತಿಡಲು ಹೋದಳು. ಪಕ್ಕದಲ್ಲಿ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಪಾತ್ರೆ ಬೆಳಗುತ್ತಿದ್ದ ಆಳು ಹೆಂಗಸು, ಅದನ್ನೂ ಕೊಡ್ರಿ ತಿಕ್ಕತೇನಿ ಎಂದು ಕೈ ಚಾಚಿದಳು. ಆಯಿ ಕೂತಲ್ಲಿಂದಲೇ ಗದರಿದಳು.

“ಏ, ಅದಕ್ಕ ಹುಣಸಿಹಣ್ಣ ಹಚ್ಚಬ್ಯಾಡ! ಗೌರವ್ವಾ, ಎಣ್ಣಿ ಸವರಿ ಒಳಗ ಇಡು ಅದನ್ನ. ಒಲಿ ಬಾಜೂಕ.”

ಅವ್ವ ಕುಸುಬಿ ಎಣ್ಣೆಯ ಬಟ್ಟಲು ತರಲು ಒಳಗೆ ಹೋದಳು. ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು.